ದುಡಿಯುವವಳು ಝಕಾತ್ ಪಡೆಯಬಾರದೇ?

ಪ್ರಶ್ನೆ: ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ನನ್ನದು. ಗಂಡ ಬಿಟ್ಟುಹೋಗಿದ್ದಾನೆ, ತಲಾಖ್ ಕೊಟ್ಟಿಲ್ಲ. ಇಬ್ಬರು ಮಕ್ಕಳು. ಬಿಸಿನೀರಲ್ಲಿ ಗೂಡು ಹಿಡಿದು ಬೆರಳೆಲ್ಲ ಸುಲಿದಿವೆ. ರಂಜಾನಿನಲ್ಲಿ ಝಕಾತ್ (ಉಳ್ಳವರು ಕೊಡಲೇಬೇಕಾದ ದಾನ) ಕೇಳಿದರೆ, "ದುಡೀತೀಯಲ್ಲ, ನಿನಗ್ಯಾಕೆ?" ಅನ್ನುತ್ತಾರೆ. ಕೊಟ್ಟರೂ ಫೋಟೋಕ್ಕೆ ನಿಲ್ಲಬೇಕು. ಏನು ಮಾಡಲಿ?
– ಒಬ್ಬ ತಾಯಿ

ಉತ್ತರ: ದುಡಿಯುವವರಿಗೆ ಝಕಾತ್ ಇಲ್ಲ ಅಂತ ಯಾರು ಹೇಳಿದರು ತಂಗಿ? ಹನಫಿ ಪಂಥದ ಲೆಕ್ಕದಲ್ಲಿ ನೋಡಬೇಕಾದ್ದು ಕೂಲಿಯನ್ನಲ್ಲ. ಸಾಲ, ಮನೆಯ ಅಗತ್ಯ ಕಳೆದು ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಆಸ್ತಿ ಉಳಿಯುತ್ತಾ ಅನ್ನುವುದನ್ನು. ಅಷ್ಟು ಉಳಿಯದಿದ್ದರೆ ನೀವು ಪಡೆಯಬಹುದು. ದುಡಿಮೆಗೆ ಬಳಸುವ ಹೊಲಿಗೆ ಮೆಷಿನ್ ಕೂಡ ಅದರಲ್ಲಿ ಸೇರುವುದಿಲ್ಲ. ಕುರ್‌ಆನಿನ 9ನೇ ಅಧ್ಯಾಯ ಹೇಳುವ 8 ಬಗೆಯ ಹಕ್ಕುದಾರರಲ್ಲಿ ಬಡವರ ಜೊತೆ ಸಾಲಗಾರರೂ ಇದ್ದಾರೆ.

ಫೋಟೋ ವಿಷಯ ಓದಿ ನನಗೆ ಸಿಟ್ಟೇ ಬಂತು. ಬಡವರಿಗೆ ಗುಟ್ಟಾಗಿ ಕೊಡುವುದೇ ಹೆಚ್ಚು ಒಳ್ಳೆಯದು ಅಂತ 2ನೇ ಅಧ್ಯಾಯದಲ್ಲೇ ಇದೆ. ಕೊಡುವಾಗ "ಇದು ಝಕಾತ್" ಅಂತ ಹೇಳಲೂ ಬೇಕಿಲ್ಲ. ಝಕಾತ್ ಹಂಚುವ ಕಮಿಟಿಯವರಿಗೆ ಇದನ್ನೇ ಹೇಳಿ. ಹೇಳಲು ಮುಜುಗರವಾದರೆ ಈ ಪುಟ ತೋರಿಸಿ! ದಿನಸಿ ಕಿಟ್ ಬದಲು ಮಕ್ಕಳ ಫೀಸಿಗೆ ನಗದು ಕೇಳಿ, ತಪ್ಪಿಲ್ಲ.

ಇನ್ನೊಂದು. ನಿಮ್ಮ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಯಾರು? ಅತ್ತೆಯ ಹೆಸರಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಅವರಿಗೇ ಹೋಗುತ್ತದೆ. ಬೇರೆ ಕಾರ್ಡಿಗೆ ಆಹಾರ ಇಲಾಖೆಯಲ್ಲಿ ವಿಚಾರಿಸಿ. ಗಂಡನಿಂದ ಜೀವನಾಂಶ ಕೇಳಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ.