ಓದುಗರ ಪ್ರಶ್ನೆ: ರನ್‌ವೇಯಲ್ಲಿ ಹದ್ದು, ನಾಯಿ, ಕಡಜ

ಪ್ರಶ್ನೆ: ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಟೇಕಾಫ್ ಆಗಿ ಮುನ್ನೂರು ಅಡಿ ಏರಿದಾಗ ಎದುರಿಗೆ ಹದ್ದು ಕಂಡರೆ ಪಕ್ಕಕ್ಕೆ ತಿರುಗಿಸಬೇಕೆ?
– ತರಬೇತಿ ಪೈಲಟ್, ಕಲಬುರಗಿ

ಉತ್ತರ: ಜೋರಾಗಿ ತಿರುಗಿಸಬೇಡಿ. ಸಣ್ಣ ವಿಮಾನಕ್ಕೆ ಹದ್ದಿನ ಪೆಟ್ಟಿಗಿಂತ, ಅದನ್ನು ತಪ್ಪಿಸಲು ಹೋಗಿ ಸ್ಟಾಲ್ ಆಗುವುದೇ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದೇ) ದೊಡ್ಡ ಗಂಡಾಂತರ. ಲೆಕ್ಕ ನೋಡಿ: ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಹಲಗೆ) ಇಳಿಸದ 172 ನೇರ ಹಾರಾಟದಲ್ಲಿ ಸುಮಾರು 48 ನಾಟ್‌ಗೆ (ಗಂಟೆಗೆ ಸುಮಾರು 89 ಕಿ.ಮೀ.) ಸ್ಟಾಲ್ ಆಗುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿಸಿದರೆ ಅದೇ ಅಂಕಿ 68ಕ್ಕೆ ಏರುತ್ತದೆ. ನೀವು ಏರುತ್ತಿರುವುದು 74ರ ಆಸುಪಾಸಿನಲ್ಲಿ. ಉಳಿದದ್ದು ಆರು ನಾಟ್. ಗಾಬರಿಯಲ್ಲಿ ಯೋಕ್ (ವಿಮಾನ ನಡೆಸುವ ಹಿಡಿ) ತುಸು ಹೆಚ್ಚು ಎಳೆದರೆ ಅದೂ ಹೋಯಿತು. ಮುನ್ನೂರು ಅಡಿಯಲ್ಲಿ ಸ್ಪಿನ್‌ಗೆ (ಗಿರಗಿರ ಸುತ್ತುತ್ತ ಕೆಳಕ್ಕೆ) ಬಿದ್ದರೆ ಸುಧಾರಿಸಿಕೊಳ್ಳಲು ಜಾಗವಿಲ್ಲ.

ಬೆದರಿದ ಹಕ್ಕಿ ಸಾಮಾನ್ಯವಾಗಿ ರೆಕ್ಕೆ ಮಡಚಿ ಕೆಳಕ್ಕೆ ಧುಮುಕುತ್ತದೆ. ವೇಗ ಕೈಯಲ್ಲಿದ್ದರೆ ಅದರ ಮೇಲಿಂದ ಹಾಯಿರಿ, ಕೆಳಗಿಂದ ನುಸುಳಬೇಡಿ. ತಿರುಗಿಸಲೇಬೇಕಾದರೆ 15–20 ಡಿಗ್ರಿ ಸಾಕು. ಲ್ಯಾಂಡಿಂಗ್ ಲೈಟ್ ಉರಿಯುತ್ತಿರಲಿ. ವೇಗ ಹೆಚ್ಚಿಸಿ ದಾಟಿಬಿಡುವ ಯೋಚನೆ ಬೇಡ: 70ರ ಬದಲು 100 ನಾಟ್‌ನಲ್ಲಿ ತಾಗಿದರೆ ಹೊಡೆತದ ಶಕ್ತಿ ಎರಡು ಪಟ್ಟಾಗುತ್ತದೆ. ದೊಡ್ಡ ಜೆಟ್‌ಗಳ ಮುಂಗಾಜಿನ ಹಾಗೆ 172ರ ಅಕ್ರಿಲಿಕ್ ಗಾಜನ್ನು ಹಕ್ಕಿ ಹೊಡೆತಕ್ಕೆ ತಾಳುವಂತೆ ಮಾಡಿರುವುದಿಲ್ಲ. ಮುಕ್ಕಾಲು ಕಿಲೋ ತೂಗುವ ಹದ್ದು ಅದನ್ನು ಒಡೆದು ಒಳಗೆ ಬರಬಲ್ಲದು. ಢಿಕ್ಕಿ ತಪ್ಪದು ಅನ್ನಿಸಿದರೆ ತಲೆಯನ್ನು ಪ್ಯಾನೆಲ್ ಮರೆಗೆ ತಗ್ಗಿಸಿ. ಗಾಜು ಒಡೆದ ಮೇಲೆ ಗಾಳಿಯ ಅಬ್ಬರದಲ್ಲಿ ರೇಡಿಯೊ ಕೇಳಿಸದು. ಅದು ಹಾಗಿರಲಿ, ಮೊದಲು ವಿಮಾನ ಹಿಡಿತದಲ್ಲಿರಲಿ. ರೆಕ್ಕೆಯ ಮುಂಭಾಗ ನಜ್ಜಾಗಿದ್ದರೆ ಫ್ಲ್ಯಾಪ್ ಮುಟ್ಟದೆ, ಮಾಮೂಲಿಗಿಂತ ತುಸು ಹೆಚ್ಚು ವೇಗದಲ್ಲಿ ಇಳಿಸಿ.

ಹೊತ್ತನ್ನೂ ಗಮನಿಸಿ. ಬೆಳಗ್ಗೆ ರನ್‌ವೇ ಮಗ್ಗುಲ ಹುಲ್ಲಿನಲ್ಲಿ ಟಿಟ್ಟಿಭ, ಹುಲ್ಲು ಕೊಯ್ದ ದಿನ ಬೆಳ್ಳಕ್ಕಿ, ನೆಲ ಕಾದ ಮೇಲೆ ಬಿಸಿಗಾಳಿ ಹಿಡಿದು ಸುತ್ತುವ ಹದ್ದು. ಮಳೆ ಬಿದ್ದು ಈಸಲು ಹುಳು ಎದ್ದ ಸಂಜೆಯಂತೂ ಎಲ್ಲವೂ ಒಟ್ಟಿಗೆ ಬರುತ್ತವೆ. ಅಂಥ ಸಂಜೆ ಸರ್ಕ್ಯೂಟ್ (ನಿಲ್ದಾಣ ಸುತ್ತಿ ಮತ್ತೆ ಮತ್ತೆ ಏರಿಳಿಯುವ) ಅಭ್ಯಾಸ ಬೇಡವೇ ಬೇಡ.

ಪ್ರಶ್ನೆ: ಇಳಿಯುವಾಗ ರನ್‌ವೇಗೆ ನಾಯಿ ನುಗ್ಗಿದರೆ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು. ನಾಯಿ ಅಂಚಿನಲ್ಲಿದ್ದರೂ ಅಷ್ಟೆ. ಯಾವ ಕಡೆ ಓಡುತ್ತೇನೆಂದು ಅದಕ್ಕೇ ಗೊತ್ತಿರುವುದಿಲ್ಲ. ಥ್ರಾಟಲ್ ಪೂರ್ತಿ, ಫ್ಲ್ಯಾಪ್ 30 ಡಿಗ್ರಿಯಲ್ಲಿದ್ದರೆ ಕೂಡಲೇ 20ಕ್ಕೆ. 60 ನಾಟ್ ಹಿಡಿದು ಏರತೊಡಗಿದ ಮೇಲೆ 10, ಆಮೇಲೆ ಸೊನ್ನೆ. ಒಮ್ಮೆಗೇ ಎಲ್ಲ ಎತ್ತಿದರೆ ವಿಮಾನ ಕುಸಿಯುತ್ತದೆ. ನೆಲ ಮುಟ್ಟಿ ವೇಗ ಇಳಿದುಹೋಗಿದ್ದರೆ ಎತ್ತಲು ಹೋಗದೆ, ನೇರವಾಗಿಟ್ಟು ಬ್ರೇಕ್ ಹಾಕಿ. 2015ರ ಡಿಸೆಂಬರ್‌ನಲ್ಲಿ ಜಬಲ್‌ಪುರದಲ್ಲಿ ಇಳಿದ ಕ್ಯೂ400 ವಿಮಾನ ಕಾಡುಹಂದಿಗಳಿಗೆ ಬಡಿದು ಅದರ ಎಡಗಡೆಯ ಲ್ಯಾಂಡಿಂಗ್ ಗೇರ್ ಕುಸಿದಿತ್ತು. ಸೆಸ್ನಾದ ಮುಂಚಕ್ರ ಇನ್ನಾವ ಲೆಕ್ಕ? ಪ್ರೊಪೆಲ್ಲರ್‌ಗೆ ಪ್ರಾಣಿ ತಾಗಿದರೆ, ಅಲಗು ನೆಟ್ಟಗೆ ಕಂಡರೂ, ಇಂಜಿನಿಯರ್ ನೋಡುವವರೆಗೆ ಇಂಜಿನ್ ಚಾಲೂ ಮಾಡಬಾರದು. ಹೊಡೆತ ಕ್ರ್ಯಾಂಕ್‌ಶಾಫ್ಟ್‌ವರೆಗೂ ಹೋಗಿರಬಹುದು.

ಪ್ರಶ್ನೆ: ಪಿಟೊಗೆ (ವೇಗ ಅಳೆಯಲು ಗಾಳಿ ಹಿಡಿಯುವ ಕೊಳವೆಗೆ) ಕವರ್ ಹಾಕದೆ ಅರ್ಧ ದಿನ ನಿಲ್ಲಿಸಿದರೆ ನಷ್ಟವೇನು?
– ಬಳ್ಳಾರಿ ಓದುಗ

ಉತ್ತರ: ಗೂಡು ಕಟ್ಟಲು ಕಡಜಕ್ಕೆ ಅಷ್ಟು ಹೊತ್ತು ಧಾರಾಳ. ಕೊಳವೆಯ ಬಾಯಿಗೆ ಮಣ್ಣು ಮೆತ್ತಿ, ಡ್ರೈನ್ ತೂತು ತೆರೆದಿದ್ದರೆ ವೇಗದ ಮುಳ್ಳು ಏಳುವುದೇ ಇಲ್ಲ. ಎರಡೂ ಮುಚ್ಚಿದ್ದರೆ ಇನ್ನೂ ಮೋಸ: ಏರಿದಂತೆ ವೇಗ ಹೆಚ್ಚಿದಂತೆ ತೋರಿಸುತ್ತದೆ, ಪೈಲಟ್ ಮೂಗೆತ್ತುತ್ತಾನೆ. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್ ಬಳಿ ಸಮುದ್ರಕ್ಕೆ ಬಿದ್ದ ಬೋಯಿಂಗ್ 757ರಲ್ಲಿ 189 ಜನ ಸತ್ತರು; ಪಿಟೊ ಕೊಳವೆ ಮುಚ್ಚಿದ್ದಕ್ಕೆ ಕಡಜದ ಗೂಡೇ ಕಾರಣವಿರಬಹುದೆಂದು ಶಂಕಿಸಲಾಯಿತು. ಟೇಕಾಫ್ ಓಟ ಶುರುವಾದೊಡನೆ ಮುಳ್ಳು ಏಳುತ್ತಿದೆಯೇ ನೋಡಿ, ಇಲ್ಲವಾದರೆ ಅಲ್ಲೇ ನಿಲ್ಲಿಸಿ. ತಂತಿ ತೂರಿಸುವುದು, ಬಾಯಲ್ಲಿ ಊದುವುದು ಬೇಡ. ಮಣ್ಣು ಒಳಕ್ಕೆ ಹೋಗುತ್ತದೆ, ಉಪಕರಣವೂ ಕೆಡುತ್ತದೆ. ಹಾಗೆಯೇ ಇಂಜಿನ್ ಕೌಲಿಂಗ್‌ನಲ್ಲಿ (ಹೊದಿಕೆಯಲ್ಲಿ) ಹುಲ್ಲುಕಡ್ಡಿ ಕಂಡರೆ ಟಾರ್ಚ್ ಹಾಕಿ ಒಳಗೆಲ್ಲ ನೋಡಿ. ಮೈನಾ ಗೂಡು ಕಟ್ಟಿದರೆ ಬಿಸಿ ಸಿಲಿಂಡರ್ ಪಕ್ಕ ಒಣಹುಲ್ಲಿಗೆ ಬೆಂಕಿ ಹತ್ತಬಹುದು.

ಪ್ರಶ್ನೆ: ಏರೋ ಇಂಡಿಯಾ ಬಂದಾಗ ಯಲಹಂಕದ ಸುತ್ತ ಮಾಂಸದಂಗಡಿ ಮುಚ್ಚಿಸುವುದು ಹದ್ದುಗಳಿಗಾಗಿಯೇ?
– ಬೆಂಗಳೂರು

ಉತ್ತರ: ಹೌದು. 1937ರ ವಿಮಾನ ನಿಯಮಗಳ 91ನೇ ನಿಯಮ ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿ ವಧೆ, ಚರ್ಮ ಸುಲಿಯುವುದು, ಕಸ ಸುರಿಯುವುದನ್ನು ನಿರ್ಬಂಧಿಸುತ್ತದೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಅಂಗಡಿ ಮುಚ್ಚಿಸಿದ್ದು ಇದರಡಿಯಲ್ಲೇ. ಆದರೆ ಹದ್ದನ್ನು ಸೆಳೆಯುವುದು ಅಂಗಡಿಯೊಳಗೆ ತೂಗಿದ ಮಾಂಸಕ್ಕಿಂತ ಬಯಲಲ್ಲಿ ಎಸೆದ ಕರುಳು, ರೆಕ್ಕೆಪುಕ್ಕ. ಅದನ್ನು ವರ್ಷವಿಡೀ ಮುಚ್ಚಿದ ಡಬ್ಬಿಯಲ್ಲೇ ಸಾಗಿಸಿದರೆ ಮೂರು ವಾರದ ನಿಷೇಧಕ್ಕಿಂತ ಹೆಚ್ಚು ಉಪಯೋಗ.