ಕಂಸದೊಳಗೆ ಬರೆದ ಆ ಒಂದು ಸಾಲು

ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಬಂದ ಪತ್ರ. ಬರೆದವರ ಗಂಡ ಹನ್ನೊಂದು ವರ್ಷ ಸೇದಿದ ಸಿಗರೇಟನ್ನು ಮಗು ಹುಟ್ಟುವ ಮುಂಚೆ ಬಿಟ್ಟರು. ಈಗ ಅವರ ಕೋಟಿನ ಜೇಬಿನಲ್ಲಿ ಒಂದು ದುಂಡನೆಯ ಡಬ್ಬಿ ಸಿಕ್ಕಿದೆ. ಒಳಗೆ ಮೇಲ್ದುಟಿಯ ಅಡಿಯಲ್ಲಿ ಇಟ್ಟುಕೊಳ್ಳುವ ನಿಕೋಟಿನ್ ಪೌಚ್‌ಗಳು, ಅಲ್ಲಿಯವರ ಬಾಯಲ್ಲಿ ‘ಬಿಳಿ ಸ್ನೂಸ್’. ದಿನಕ್ಕೆ ಹದಿನಾಲ್ಕು ಬೇಕಂತೆ. ಕೇಳಿದರೆ, “ಇದರಲ್ಲಿ ತಂಬಾಕೇ ಇಲ್ಲ, ಹೇಳೋದೇನಿತ್ತು” ಎಂದರಂತೆ. ಇದೂ ಗುಟ್ಕಾದಂಥದ್ದೇ ತಾನೆ, ದಾವಣಗೆರೆಯಲ್ಲಿರುವ ಅತ್ತೆಗೆ ಹೇಳಿಬಿಡಲೇ ಎನ್ನುವುದು ಪ್ರಶ್ನೆ.

ನೋಡಿಮ್ಮಾ, ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಗಂಡ ಮುಚ್ಚಿಟ್ಟ ಸಂಗತಿಗೇ ಹೋಗಿದೆ. ಕೊನೆಗೆ, ಅದೂ ಕಂಸದೊಳಗೆ, ಹೀಗೆ ಬರೆದಿದ್ದೀರಿ: “(ಮೊನ್ನೆ ಪಾಪು ಸೋಫಾ ಸಂದಿಯಿಂದ ಒಂದನ್ನು ತೆಗೆದು ಬಾಯಿಗಿಡುತ್ತಿದ್ದಳು, ಕಿತ್ತುಕೊಂಡೆ. ಬಳಸಿ ಬಿಸಾಕಿದ್ದು, ಸದ್ಯ.)” ಪಾಪುವಿಗೆ ಹದಿನಾಲ್ಕು ತಿಂಗಳು.

ಆ ‘ಸದ್ಯ’ ತಪ್ಪು. ಅರ್ಧ ಗಂಟೆ ಬಾಯಲ್ಲಿದ್ದು ಹೊರಬಿದ್ದ ಪೌಚ್‌ನಲ್ಲಿ ಅರ್ಧದಷ್ಟು ನಿಕೋಟಿನ್ ಇನ್ನೂ ಉಳಿದಿರಬಹುದು. ಡಬ್ಬಿಯ ಮೇಲೆ ಗ್ರಾಂಗೆ 16 ಮಿಲಿಗ್ರಾಂ ಎಂದಿದೆ ಅಂತ ನೀವೇ ಬರೆದಿದ್ದೀರಿ. ಒಂದು ಪೌಚ್ 0.7 ಗ್ರಾಂ ತೂಗುತ್ತದೆ ಅಂದರೆ ಅದರಲ್ಲಿ 11 ಮಿಲಿಗ್ರಾಂ ಇದ್ದಂತಾಯಿತು. ಕೆಲವು ಕಂಪನಿಗಳು ಗ್ರಾಂ ಲೆಕ್ಕ ಹಾಕುತ್ತವೆ, ಕೆಲವು ಪೌಚ್ ಲೆಕ್ಕ. ಡಬ್ಬಿಯ ಮೇಲೆ ಬಲ ತೋರಿಸುವ ಚುಕ್ಕೆಗಳನ್ನು ನಂಬಬೇಡಿ, ಒಬ್ಬರ ಮೂರು ಚುಕ್ಕೆ ಇನ್ನೊಬ್ಬರ ನಾಲ್ಕಕ್ಕೆ ಸಮ. ಒಂದು ಸಿಗರೇಟು ಸೇದಿದರೆ ಮೈಗೆ ಸೇರುವುದು ಸುಮಾರು ಒಂದು, ಒಂದೂವರೆ ಮಿಲಿಗ್ರಾಂ. ಹತ್ತು ಕೆಜಿಯ ಮಗುವಿಗೆ ಆ ಉಳಿದರ್ಧವೂ ವಿಷವೇ. ಮೇಲಾಗಿ ಅದು ಸಿಹಿ, ಪುದೀನ ವಾಸನೆ ಬೇರೆ.

ಇನ್ನು ಗುಟ್ಕಾ ಪ್ರಶ್ನೆ. ಅಲ್ಲ, ಗುಟ್ಕಾ ಅಲ್ಲ. ಅಡಿಕೆ ಇಲ್ಲ, ಹೊಗೆಸೊಪ್ಪು ಇಲ್ಲ. ಗಿಡದ ನಾರು, ಸಿಹಿ, ಸುವಾಸನೆ, ನಿಕೋಟಿನ್ ಲವಣ, ಜೊತೆಗೆ ಚೂರು ಸೋಡಿಯಂ ಕಾರ್ಬೊನೇಟ್. ನಮ್ಮೂರಲ್ಲಿ ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುತ್ತಾರಲ್ಲ, ಆ ಸುಣ್ಣದ ಕೆಲಸವನ್ನೇ ಈ ಕಾರ್ಬೊನೇಟ್ ಮಾಡುತ್ತದೆ. ಕ್ಷಾರ ಹೆಚ್ಚಿದಷ್ಟೂ ನಿಕೋಟಿನ್ ಬಾಯಿಯ ತೆಳುಪೊರೆ ದಾಟಿ ರಕ್ತಕ್ಕೆ ಇಳಿಯುತ್ತದೆ. ಹೊಗೆ ಇಲ್ಲದ್ದರಿಂದ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಸಿಗರೇಟು ಬಿಟ್ಟವನ ಶ್ವಾಸಕೋಶಕ್ಕೆ ಅದು ಸಣ್ಣ ಲಾಭವಲ್ಲ. ಚಟ ಮಾತ್ರ ಇದ್ದಲ್ಲೇ ಇದೆ. ತಂಬಾಕು ಇಲ್ಲ ಅಂದರೆ ನಿಕೋಟಿನ್ ಇಲ್ಲ ಅಂತಲ್ಲ. ಈ ಅಂಕಣದಲ್ಲಿ ಇದನ್ನು ಇನ್ನೆಷ್ಟು ಸಲ ಬರೆಯಬೇಕೋ.

ನಿಮ್ಮವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹನ್ನೊಂದು ವರ್ಷದ ಸಿಗರೇಟು ಬಿಡುವುದು ಸುಲಭದ ಮಾತಲ್ಲ. ನನ್ನ ಸಿಟ್ಟು ನಿಮ್ಮ ಭಾವನವರ ಮೇಲೆ. ಸ್ಟಾಕ್‌ಹೋಮ್‌ನಿಂದ ಬಂದಾಗಲೆಲ್ಲ ಹತ್ತು ಡಬ್ಬಿಯ ಕಟ್ಟನ್ನು ಪ್ರೀತಿಯ ಉಡುಗೊರೆ ಅಂತ ತರುವವರು, ಮೊದಲಿಗೆ ಇವರಿಗೆ ಕೊಟ್ಟದ್ದೇ ಆ 11 ಮಿಲಿಗ್ರಾಂನದ್ದು. ಮೂರೋ ನಾಲ್ಕೋ ಮಿಲಿಗ್ರಾಂಗೆ ನಿಲ್ಲುತ್ತಿದ್ದ ಮನುಷ್ಯನನ್ನು ಹನ್ನೊಂದರ ಮಟ್ಟಕ್ಕೆ ಏರಿಸಿ ಕೂರಿಸಿದ್ದು ಅವರು. ಅಣ್ಣ ಅನ್ನೋ ಸಲುಗೆಗೂ ಒಂದು ಮಿತಿ ಬೇಡವೇ?

ಸೋಫಾ ಸಂದಿಗೆ ಅದು ಬಂದದ್ದು ಹೇಗೆ ಗೊತ್ತೇ? ಟಿವಿ ನೋಡುತ್ತಾ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಾರೆ, ತುಟಿ ಸಡಿಲವಾದಾಗ ಜಾರಿ ಬೀಳುತ್ತದೆ. ದಿಂಬಿನ ಕೆಳಗೂ ಹುಡುಕಿ. ನಿಕೋಟಿನ್ ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಎಂಟು ಗಂಟೆ ನಿದ್ದೆಯಾದಾಗ ರಕ್ತದಲ್ಲಿ ಹದಿನಾರನೇ ಒಂದು ಪಾಲು ಮಾತ್ರ ಉಳಿದಿರುತ್ತದೆ. ಅದಕ್ಕೇ ಬೆಳಗ್ಗೆ ಎದ್ದ ಕೂಡಲೇ ಕೈ ಡಬ್ಬಿ ತಡಕುವುದು.

ಹಾಗಾಗಿ ಇವತ್ತಿನ ಕೆಲಸ ಒಂದೇ. ಬಳಸಿದ ಪೌಚ್ ಡಬ್ಬಿಯ ಮುಚ್ಚಳದಲ್ಲಿರುವ ಪುಟ್ಟ ಖಾನೆಗೇ ಹೋಗಬೇಕು. ಕೂತಲ್ಲಿ ಟಿಶ್ಯೂನಲ್ಲಿ ಸುತ್ತಿಡುವುದು ಬೇಡ, ಸಿಂಕ್ ಕೆಳಗಿನ ಕಸದ ಬುಟ್ಟಿಯೂ ಬೇಡ, ಅದನ್ನು ಪಾಪು ತೆರೆಯುತ್ತಾಳೆ. ಆ ಖಾನೆಯನ್ನು ಮನೆಯ ಹೊರಗಿನ ಕಸದ ತೊಟ್ಟಿಗೇ ಸುರಿಯಬೇಕು. ಡಬ್ಬಿ ಇರಬೇಕಾದ್ದು ಔಷಧಿ ಇಡುವ ಎತ್ತರದ ಕಪಾಟಿನಲ್ಲಿ. ಸೋಫಾದ ಮೇಲೆ, ಹಾಸಿಗೆಯ ಮೇಲೆ ಬಾಯಲ್ಲಿ ಪೌಚ್ ಇರಕೂಡದು. ಇದಕ್ಕೆ ಒಪ್ಪದಿದ್ದರೆ ಅವತ್ತು ಜಗಳ ಮಾಡಿ, ನಾನೂ ನಿಮ್ಮ ಕಡೆ.

ಇಷ್ಟಾದ ಮೇಲೂ ಮಗುವಿನ ಬಾಯಿಗೆ ಹೋದರೆ ಬೆರಳಿನಿಂದ ತೆಗೆದು, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ. ವಾಂತಿ ಮಾಡಿಸಲು ಹೋಗಬೇಡಿ. ಮುಖ ಬಿಳಿಚುವುದು, ಜೊಲ್ಲು, ವಾಂತಿ, ಬೆವರು, ತೂಕಡಿಕೆ ಕಾಣಲಿ ಎಂದು ಕಾಯಲೂಬೇಡಿ. ತಕ್ಷಣ 112ಕ್ಕೆ ಕರೆ ಮಾಡಿ ‘ಗಿಫ್ಟ್‌ಇನ್‌ಫರ್ಮೇಶನ್’ (ಸ್ವೀಡಿಷ್‌ನಲ್ಲಿ ವಿಷದ ಮಾಹಿತಿ) ಎಂದು ಕೇಳಿ, ಡಬ್ಬಿ ಕೈಯಲ್ಲಿ ಹಿಡಿದು ಮಿಲಿಗ್ರಾಂ ಓದಿ ಹೇಳಿ.

ಬಿಡಿಸುವುದು ಆಮೇಲೆ, ಅದೂ ಅವರಾಗಿ ಒಪ್ಪಿದರೆ. ಒಮ್ಮೆಲೇ ನಿಲ್ಲಿಸಿ ಎಂದು ಹಟ ಹಿಡಿಯಬೇಡಿ: ಮೊದಲ ಎರಡು ಮೂರು ದಿನ ಚಡಪಡಿಕೆ ಏರಿ, ಎದುರಿನ ಅಂಗಡಿಯ ಸಿಗರೇಟಿನತ್ತಲೇ ಕೈ ಹೋದೀತು. ಎರಡು ವಾರ 11 ಮಿಲಿಗ್ರಾಂನಿಂದ 6ಕ್ಕೆ, ಮತ್ತೆರಡು ವಾರ 3ಕ್ಕೆ. ದಿನಕ್ಕೆ ಹದಿನಾಲ್ಕು ಅನ್ನುವ ಲೆಕ್ಕ ಮೀರಬಾರದು, ಯಾಕೆಂದರೆ ಬಲ ಕಡಿಮೆಯಾದಾಗ ಎಣಿಕೆ ತಾನಾಗಿ ಏರುತ್ತದೆ. ಆಮೇಲೆ ಎಣಿಕೆ ಇಳಿಸಲಿ, ರಾತ್ರಿಯದ್ದನ್ನೇ ಮೊದಲು ಬಿಡಲಿ.

ಅತ್ತೆಗೆ ಫೋನ್ ಮಾಡಬೇಡಿ. ಅವರು ಅಳುತ್ತಾರೆ, ಮಗ ಇನ್ನೂ ಚೆನ್ನಾಗಿ ಮುಚ್ಚಿಡಲು ಕಲಿಯುತ್ತಾನೆ. ಫೋನ್ ಮಾಡಲೇಬೇಕೆಂದರೆ ಭಾವನವರಿಗೆ ಮಾಡಿ. ಮುಂದಿನ ಸಲ ಬರುವಾಗ ಆ ಕಟ್ಟು ಬಾಗಿಲಿನಿಂದ ಒಳಗೆ ಬರುವುದಿಲ್ಲ ಎಂದು ಈಗಲೇ ಹೇಳಿ. ತರಲೇಬೇಕಾದರೆ ಪಾಪುಗೆ ಬಾಳೆಹಣ್ಣು ತರಲಿ.