ಅರಿಶಿನದ ಗುಣವನ್ನು ಲ್ಯಾಬಿನಲ್ಲಿ ಹೇಗೆ ಪರೀಕ್ಷಿಸುತ್ತಾರೆ? ಅಮ್ಮನ ಮಂಡಿನೋವಿಗೆ ಅದರ ಕ್ಯಾಪ್ಸೂಲ್ ಕೊಡಬಹುದಾ?

ನಾನು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಡಾಕ್ಟರಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ಜಾಸ್ತಿ ಬರೆಯುತ್ತೇನೆ. ಎರಡನೆಯದಕ್ಕೆ ಉತ್ತರ ಅದರಲ್ಲೇ ಸಿಗುತ್ತದೆ.

ಅರಿಶಿನದ ಬಗ್ಗೆ ನಡೆದಿರುವ ಪರೀಕ್ಷೆಗಳಲ್ಲಿ ಬಹುಪಾಲು ಕರ್ಕ್ಯುಮಿನ್ ಅನ್ನುವ ಹಳದಿ ವಸ್ತುವಿನ ಮೇಲೆ. ಪುಡಿಯ ತೂಕದಲ್ಲಿ ಅದು ಸುಮಾರು ಶೇ. 3 ಮಾತ್ರ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಇದನ್ನು ಹಾಕಿ ಏನಾಗುತ್ತದೆ ಅಂತ ನೋಡುವುದು ಸುಲಭ. ಆದರೆ ಇಂಥ ಎಷ್ಟೋ ಪರೀಕ್ಷೆಗಳಲ್ಲಿ ನಾವು ಅಳೆಯುವುದು ದ್ರಾವಣದ ಬಣ್ಣವನ್ನು, ಇಲ್ಲವೇ ಅದು ಸೂಸುವ ಬೆಳಕನ್ನು. ಕರ್ಕ್ಯುಮಿನ್ ತಾನೇ ಗಾಢ ಹಳದಿ, ಮೇಲೆ ಬೆಳಕು ಹಾಯಿಸಿದರೆ ಹೊಳೆಯುತ್ತದೆ ಬೇರೆ. ಕೋಶಗಳಿಲ್ಲದೆ ಬರೀ ಕರ್ಕ್ಯುಮಿನ್ ಇಟ್ಟು ಇನ್ನೊಮ್ಮೆ ಅಳೆದು ನೋಡದಿದ್ದರೆ, ಯಂತ್ರ ತೋರಿಸಿದ ಅಂಕಿ ಔಷಧಿ ಗುಣದ್ದೋ ಬಣ್ಣದ್ದೋ ಹೇಳಲಾಗುವುದಿಲ್ಲ. "ಅರಿಶಿನ ಕ್ಯಾನ್ಸರ್ ಕೋಶಗಳನ್ನು ಕೊಂದಿತು" ಅನ್ನುವ ಸುದ್ದಿ ಕಂಡಾಗ ನಾನು ಮೊದಲು ಹುಡುಕುವುದು ಈ ವಿವರವನ್ನೇ. ಆಮೇಲೆ, ಎಷ್ಟು ಹಾಕಿದರು, ಅಷ್ಟು ನಮ್ಮ ರಕ್ತಕ್ಕೆ ಸೇರುತ್ತದಾ ಅಂತ ನೋಡುತ್ತೇನೆ.

ರಕ್ತಕ್ಕೆ ಸೇರುವುದೇ ದೊಡ್ಡ ಸಮಸ್ಯೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಕರುಳು ಹೀರಿಕೊಂಡ ಅಲ್ಪಸ್ವಲ್ಪವನ್ನೂ ಲಿವರ್ ಬೇಗ ರೂಪ ಬದಲಿಸಿ ಹೊರಗೆ ಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ರಕ್ತದಲ್ಲಿ ಅದು ಸಿಕ್ಕಿದ್ದು ತೀರಾ ಕಮ್ಮಿ. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ ಕೊಟ್ಟಾಗ ಶೇ. 2000ರಷ್ಟು ಏರಿತು. ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ಈ ಅಂಕಿಯನ್ನು ನೀವೂ ನೋಡಿರಬಹುದು. ಆದರೆ ತೀರಾ ಕಮ್ಮಿ ಇದ್ದದ್ದು ಇಪ್ಪತ್ತು ಪಟ್ಟಾದರೂ ಕಮ್ಮಿಯೇ ಅಲ್ವಾ? ಮತ್ತೆ 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ 60 ಗ್ರಾಂಗಿಂತ ಹೆಚ್ಚು ಅರಿಶಿನ ಪುಡಿ ಬೇಕು. ಸಾರು, ಪಲ್ಯಕ್ಕೆ ನಾವು ಹಾಕುವುದು ಚಿಟಿಕೆ. ಹಾಗಾಗಿ ಕ್ಯಾಪ್ಸೂಲಿನ ಫಲಿತಾಂಶ ಅಡುಗೆಗೆ ಅನ್ವಯಿಸುವುದಿಲ್ಲ, ಅಡುಗೆಯ ಅನುಭವ ಕ್ಯಾಪ್ಸೂಲಿಗೂ ಅನ್ವಯಿಸುವುದಿಲ್ಲ.

"ತಲೆತಲಾಂತರದಿಂದ ತಿಂದಿದ್ದೇವೆ, ಏನೂ ಆಗಲ್ಲ" ಅನ್ನುವ ಮಾತು ಕ್ಯಾಪ್ಸೂಲಿಗೆ ಯಾಕೆ ಹೊಂದುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ. ಅಮೆರಿಕ ಮತ್ತು ಇಟಲಿಯಲ್ಲಿ ಅರಿಶಿನದ ಕ್ಯಾಪ್ಸೂಲಿನಂಥ ಪೂರಕಗಳನ್ನು (ಸಪ್ಲಿಮೆಂಟ್) ತೆಗೆದುಕೊಂಡವರಲ್ಲಿ ಲಿವರ್‌ಗೆ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ಪೈಪರಿನ್ ಬೇರೆ ಔಷಧಿಗಳು ದೇಹದಿಂದ ಹೊರಹೋಗುವುದನ್ನೂ ನಿಧಾನ ಮಾಡಬಲ್ಲದು.

ಮಂಡಿನೋವಿನ ಸಣ್ಣ ಅಧ್ಯಯನಗಳಲ್ಲಿ ನೋವು ಸ್ವಲ್ಪ ಇಳಿದದ್ದು ಕಂಡಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಶುಗರ್ ಮಾತ್ರೆ ತಗೊಳ್ತಿದ್ದರೆ ದಯವಿಟ್ಟು ಸುಮ್ನೆ ಶುರು ಮಾಡಬೇಡಿ. ಡಬ್ಬಿಯನ್ನೇ ಡಾಕ್ಟರ ಹತ್ತಿರ ಒಯ್ದು ತೋರಿಸಿ. ಕೊಟ್ಟ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಗ್ಗರಣೆಗೆ ಹಾಕುವ ಅರಿಶಿನ ಎಂದಿನಂತೆ ಇರಲಿ.